ಬೆಂಗಳೂರಿನ ವಾಯುಭಾರ 911ಆ, 1013ಆ? ಫೋನ್ ಒಂದು ಹೇಳುತ್ತೆ, ಹವಾಮಾನ ಆ್ಯಪ್ ಇನ್ನೊಂದು

ಪೇಟೆಹುಡುಗ

ಎಲ್ಲರಿಗೂ ನಮಸ್ಕಾರ. ಹೊಸ ಫೋನ್ ತಗೊಂಡೆ. ಅದರಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದೆ ಅಂತ ಗೊತ್ತಾಗಿ ಒಂದು ಆ್ಯಪ್ ಹಾಕಿಕೊಂಡೆ. ಬಸವನಗುಡಿಯ ನಮ್ಮ ಮನೆಯಲ್ಲಿ 911 ಹೆಕ್ಟೊಪಾಸ್ಕಲ್ ತೋರಿಸುತ್ತಿದೆ. ಅದೇ ಫೋನಿನ ಹವಾಮಾನ ಆ್ಯಪ್ ತೆರೆದರೆ ಬೆಂಗಳೂರು 1013 ಅನ್ನುತ್ತೆ. ಒಂದಲ್ಲ ಎರಡಲ್ಲ, ನೂರು ಅಂಕಿ ವ್ಯತ್ಯಾಸ. ಅಂಗಡಿಗೆ ವಾಪಸ್ ಕೊಡೋದಾ?

ಇನ್ನೊಂದು ವಿಷಯ. 1999ರ ಒಡಿಶಾ ಸೂಪರ್ ಸೈಕ್ಲೋನ್‌ನ ನಡುವೆ ಒತ್ತಡ 912ಕ್ಕೆ ಇಳಿದಿತ್ತು ಅಂತ ಓದಿದ್ದೆ. ನಮ್ಮನೆಯಲ್ಲಿ ಅದಕ್ಕಿಂತ ಒಂದು ಕಡಿಮೆ. ಆದರೆ ಇಲ್ಲಿ ಫ್ಯಾನ್ ಬಿಟ್ಟರೆ ಬೇರೆ ಗಾಳೀನೇ ಇಲ್ಲ.

ಕೊಟ್ಟಿಗೆಹಾರ

ಫೋನ್ ವಾಪಸ್ ಕೊಡಬೇಡಿ. ಎರಡೂ ಸರಿ.

ಪೇಟೆಹುಡುಗ

ಎರಡೂ ಹೇಗೆ ಸರಿ ಆಗುತ್ತೆ ಸಾರ್?

ಪಾದರಸ_ಮೇಷ್ಟ್ರು

ಫೋನು ಹೇಳೋದು ನಿಮ್ಮ ಕೋಣೆಯಲ್ಲಿ ನಿಜವಾಗಿ ಇರುವ ಒತ್ತಡ. ಆ್ಯಪ್ ಹೇಳೋದು, ಬೆಂಗಳೂರು ಸಮುದ್ರ ಮಟ್ಟದಲ್ಲಿ ಇದ್ದಿದ್ದರೆ ಎಷ್ಟು ಇರುತ್ತಿತ್ತು ಅನ್ನುವ ಲೆಕ್ಕ. ನಡುವಿನ ಆ ನೂರು ಅಂಕಿ ಇದೆಯಲ್ಲ, ಅದು ಬೆಂಗಳೂರಿನ ಎತ್ತರ. ಊರು ಸುಮಾರು 920 ಮೀಟರ್ ಮೇಲಿದೆ. ಆ 920 ಮೀಟರ್ ದಪ್ಪದ ಗಾಳಿ ನಮ್ಮ ತಲೆಯ ಮೇಲಿಲ್ಲ, ಕಾಲ ಕೆಳಗಿನ ಮಟ್ಟದಲ್ಲೇ ಉಳಿದುಬಿಟ್ಟಿದೆ. ಅದರ ಭಾರ ನಮಗೆ ಲೆಕ್ಕಕ್ಕಿಲ್ಲ.

ಭಾರ ಅಂದೆ ನೋಡಿ, ಅದು ಸುಮ್ಮನೆ ಹೇಳುವ ಮಾತಲ್ಲ. ಕಡಲತೀರದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ನಿಂತಿರುವ ಗಾಳಿಯನ್ನು ತೂಕಕ್ಕೆ ಹಾಕಿದರೆ ಹತ್ತು ಟನ್ನಿಗೂ ಜಾಸ್ತಿ. ಬಸವನಗುಡಿಯಲ್ಲಿ ಅದು 9.3 ಟನ್ ಹತ್ತಿರ. ಒಂದು ಟನ್ ಕಡಿಮೆ ಹೊತ್ತುಕೊಂಡು ಬದುಕುತ್ತಿದ್ದೀರಿ.

ಇದನ್ನು ಮೊದಲು ಸರಿಯಾಗಿ ಪರೀಕ್ಷಿಸಿದ್ದು 1648ರ ಸೆಪ್ಟೆಂಬರ್ 19ರಂದು, ಫ್ರಾನ್ಸ್‌ನಲ್ಲಿ. ಬ್ಲೇಸ್ ಪಾಸ್ಕಲ್ ತನ್ನ ಅಕ್ಕನ ಗಂಡ ಫ್ಲೋರಿನ್ ಪೆರಿಯೆಗೆ ಪತ್ರ ಬರೆದು, ಪಾದರಸದ ಕೊಳವೆ (ಆ ಕಾಲದ ಬ್ಯಾರೋಮೀಟರ್) ತಗೊಂಡು ಪುಯಿ ದ ಡೋಮ್ ಬೆಟ್ಟ ಹತ್ತು ಅಂದ. ಪೆರಿಯೆ ಹತ್ತಿದ. ಮೇಲೆ ಹೋದಾಗ ಪಾದರಸ 8 ಸೆಂಟಿಮೀಟರ್‌ಗೂ ಜಾಸ್ತಿ ಇಳಿದಿತ್ತು. ನನಗೆ ತುಂಬಾ ಇಷ್ಟವಾಗೋದು ಈ ಕಥೆಯ ಇನ್ನೊಂದು ತುದಿ. ಕೆಳಗೆ ಕ್ಲೆರ್ಮೋಂಟ್ ಊರಿನ ಮಠದ ತೋಟದಲ್ಲಿ ಅಂಥದ್ದೇ ಇನ್ನೊಂದು ಕೊಳವೆ ಇಟ್ಟು, ಅದನ್ನು ನೋಡುತ್ತಾ ಕೂರಲು ಒಬ್ಬ ಪಾದ್ರಿಯನ್ನು ಒಪ್ಪಿಸಿದ್ದರು. ದಿನವಿಡೀ ಅದು ಅಲ್ಲಾಡಲಿಲ್ಲ. ಹಾಗಾಗಿ ಬದಲಾದದ್ದು ಹವೆಯಲ್ಲ, ಎತ್ತರ ಅಂತ ಖಾತ್ರಿಯಾಯಿತು. ಆ ಬೆಟ್ಟಕ್ಕೂ ಊರಿಗೂ ಇರುವ ಎತ್ತರದ ಅಂತರ ಸುಮಾರು ಒಂದು ಕಿಲೋಮೀಟರ್. ಹೆಚ್ಚುಕಡಿಮೆ ಮಂಗಳೂರಿಗೂ ಬೆಂಗಳೂರಿಗೂ ಇರುವಷ್ಟೇ.

ಕುಡ್ಲದ_ಕಡಲು

ಮೇಷ್ಟ್ರೇ, ಇಲ್ಲೇ ನನಗೆ ಒಂದು ಡೌಟು. ಮಂಗಳೂರಲ್ಲಿ 1010, ಬೆಂಗಳೂರಲ್ಲಿ 910. ಜಾಸ್ತಿ ಒತ್ತಡ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಗಾಳಿ ಬೀಸುತ್ತೆ ಅಂತ ಶಾಲೆಯಲ್ಲಿ ಉರು ಹೊಡೆಸಿದ್ದರು. ಹಾಗಿದ್ದರೆ ನಮ್ಮೂರಿನ ಗಾಳಿಯೆಲ್ಲ ಶಿರಾಡಿ ಘಾಟಿ ಹತ್ತಿ ನಿಮ್ಮ ಕಡೆ ನುಗ್ಗಬೇಕಲ್ಲ? ನೂರು ಅಂಕಿ ಅಂದ್ರೆ ಕಮ್ಮಿಯಾ?

ಪೇಟೆಹುಡುಗ

ನನ್ನ ಸೈಕ್ಲೋನ್ ಪ್ರಶ್ನೆಯೂ ಇದೇ.

ಪಾದರಸ_ಮೇಷ್ಟ್ರು

ಕಡಲು ಅವರೇ, ಈ ಎಳೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಾರದು. ಉತ್ತರ ಹೀಗೆ.

ಮಂಗಳೂರಿನ ಬೀಚಿನಲ್ಲಿ ನಿಂತು ನೇರ ಮೇಲಕ್ಕೆ 920 ಮೀಟರ್ ಹೋಗಿ. ಅಲ್ಲಿ ಒತ್ತಡ ಎಷ್ಟು? ಅಲ್ಲೂ ಸುಮಾರು 910. ಅಂದರೆ ಒಂದೇ ಎತ್ತರದಲ್ಲಿ ಅಳೆದರೆ ಮಂಗಳೂರಿಗೂ ಬೆಂಗಳೂರಿಗೂ ವ್ಯತ್ಯಾಸವೇ ಇಲ್ಲ. ಗಾಳಿ ಅಡ್ಡಡ್ಡಲಾಗಿ ಬೀಸಬೇಕಾದರೆ ಬೇಕಾಗಿರೋದು ಒಂದೇ ಮಟ್ಟದ ಎರಡು ಜಾಗಗಳ ನಡುವಿನ ಒತ್ತಡದ ವ್ಯತ್ಯಾಸ.

ಇನ್ನು ಕೆಳಗಿನ 1010ರಿಂದ ಮೇಲಿನ 910ಕ್ಕೆ ಗಾಳಿ ಯಾಕೆ ಚಿಮ್ಮಲ್ಲ? ಕೆಳಗಿನಿಂದ ಮೇಲಕ್ಕೆ ತಳ್ಳುವ ಬಲ ಇದ್ದೇ ಇದೆ. ಆದರೆ ಆ ಗಾಳಿಗೂ ತೂಕ ಇದೆ, ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತಿದೆ. ಎರಡೂ ಸರಿಸಮ. ನೂರು ಅಂಕಿಯ ವ್ಯತ್ಯಾಸ ಆ 920 ಮೀಟರ್ ಗಾಳಿಯನ್ನು ಬೀಳದಂತೆ ಹಿಡಿದು ನಿಲ್ಲಿಸುವುದಕ್ಕೇ ಖರ್ಚಾಗಿ ಹೋಗುತ್ತದೆ. ಬೀಸಲು ಏನೂ ಉಳಿಯಲ್ಲ.

ಸೈಕ್ಲೋನ್‌ನಲ್ಲಿ ಹಾಗಲ್ಲ. ಒಡಿಶಾದ 912 ಇದ್ದದ್ದು ಸಮುದ್ರ ಮಟ್ಟದಲ್ಲಿ. ಅದೇ ಮಟ್ಟದಲ್ಲಿ, ಕೆಲವು ನೂರು ಕಿಲೋಮೀಟರ್ ಆಚೆ 1000ಕ್ಕೂ ಮೇಲೆ ಒತ್ತಡ ಇತ್ತು. ಆ ವ್ಯತ್ಯಾಸವನ್ನು ಸರಿದೂಗಿಸಲು ಯಾವ ತೂಕವೂ ಅಡ್ಡ ಇರಲಿಲ್ಲ. ಗಾಳಿ ಹುಚ್ಚೆದ್ದಿತು.

ಹವಾಮಾನದವರು ಎಲ್ಲ ಊರುಗಳ ಒತ್ತಡವನ್ನೂ ಸಮುದ್ರ ಮಟ್ಟಕ್ಕೆ ಇಳಿಸಿ ಹೇಳೋದು ಇದಕ್ಕೇ. ಟಿವಿಯಲ್ಲಿ ನವೆಂಬರ್ ಬಂದರೆ ಸಾಕು, 'ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ' ಅಂತ ಕೆಂಪು ಅಕ್ಷರ ಓಡುತ್ತದಲ್ಲ, ಆ ಕುಸಿತ ಸಾಮಾನ್ಯವಾಗಿ ಕೆಲವೇ ಹೆಕ್ಟೊಪಾಸ್ಕಲ್. ನಂದಿ ಬೆಟ್ಟ ಹತ್ತಿದರೆ ಬೆಂಗಳೂರಿಗಿಂತ ಐವತ್ತಕ್ಕೂ ಜಾಸ್ತಿ ಇಳಿಯುತ್ತದೆ. ಎತ್ತರವನ್ನು ಕಳೆಯದೆ ನಕ್ಷೆ ಬರೆದರೆ ಅದರಲ್ಲಿ ಬೆಟ್ಟಗುಡ್ಡ ಕಾಣುತ್ತದೆ, ಮಳೆ ಕಾಣಲ್ಲ.

ಕುಡ್ಲದ_ಕಡಲು

ಈಗ ತಲೆಗೆ ಹೋಯಿತು. ಶಾಲೆಯಲ್ಲಿ 'ಒಂದೇ ಎತ್ತರದಲ್ಲಿ' ಅನ್ನುವ ಎರಡು ಪದ ಸೇರಿಸಿದ್ದರೆ ಏನು ಗಂಟು ಹೋಗ್ತಿತ್ತು!

ಸಂಜೆಮಲ್ಲಿಗೆ

ನನ್ನ ಫೋನಲ್ಲೂ ಇದೆ. ಬೆಳಿಗ್ಗೆ 913 ಇದ್ದದ್ದು ಸಂಜೆ ನಾಲ್ಕಕ್ಕೆ 909. ಮಳೆ ಗ್ಯಾರಂಟಿ ಅಂತ ಮಹಡಿ ಮೇಲಿನ ಬಟ್ಟೆ ತಂದೆ. ಒಂದು ಹನಿ ಬೀಳಲಿಲ್ಲ. ಮಾರನೇ ದಿನವೂ ಅದೇ ಕಥೆ.

ಕೊಟ್ಟಿಗೆಹಾರ

ಬಟ್ಟೆ ಅಲ್ಲೇ ಬಿಡಿ ಅಕ್ಕಾ. ನಮ್ಮಂಥ ಬಿಸಿ ಪ್ರದೇಶದಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಹತ್ತಿರ ಹತ್ತಿರ ಬೆಳಿಗ್ಗೆ 10 ಮತ್ತು ರಾತ್ರಿ 10ಕ್ಕೆ ಮೇಲೆ, ಸಂಜೆ 4 ಮತ್ತು ಬೆಳಗಿನ ಜಾವ 4ಕ್ಕೆ ಕೆಳಗೆ. ಏರಿಳಿತ 3-4 ಹೆಕ್ಟೊಪಾಸ್ಕಲ್. ಮೇಲಿನ ವಾತಾವರಣದ ಓಝೋನ್, ನೀರಾವಿ ಎಲ್ಲ ಬಿಸಿಲು ಕುಡಿದು ಕಾಯುತ್ತವಲ್ಲ, ಅದರಿಂದ ಇಡೀ ವಾತಾವರಣದಲ್ಲಿ ಏಳುವ ಅಲೆ ಇದು. ಯುರೋಪಿನ ಕಡೆ ಇದು ತುಂಬಾ ಸಣ್ಣದು, ಹವೆಯ ಗಲಾಟೆಯಲ್ಲಿ ಮುಚ್ಚಿಹೋಗುತ್ತದೆ. ಅಲ್ಲಿಯವರ ಬ್ಯಾರೋಮೀಟರ್ ಮೇಲೆ 'ಇಳಿದರೆ ಮಳೆ' ಅಂತ ಬರೆದಿರೋದನ್ನು ಇಲ್ಲಿ ಹಾಗೇ ನಂಬೋಕಾಗಲ್ಲ. ನಿನ್ನೆ ನಾಲ್ಕು ಗಂಟೆಗೂ ಇವತ್ತಿನ ನಾಲ್ಕು ಗಂಟೆಗೂ ಹೋಲಿಸಿ ನೋಡಿ. ಅದರಲ್ಲಿ ಇಳಿದಿದ್ದರೆ ಆಮೇಲೆ ಬಟ್ಟೆ.

ಪೇಟೆಹುಡುಗ

ಆಫೀಸಿನ ಲಿಫ್ಟ್‌ನಲ್ಲಿ ಪರೀಕ್ಷೆ ಮಾಡಿದೆ. ನೆಲಮಹಡಿಯಿಂದ ಹತ್ತನೇ ಮಹಡಿಗೆ ಮೂರು ಅಂಕಿ ಚಿಲ್ಲರೆ ಇಳಿಯಿತು. ಬಾಗಿಲು ತೆರೆದು ಮುಚ್ಚಿದಾಗಲೂ ಕೊನೆಯ ದಶಾಂಶ ಕುಣಿಯುತ್ತೆ. ಸೆಕ್ಯೂರಿಟಿ ಅಣ್ಣ ನನ್ನನ್ನೇ ನೋಡ್ತಿದ್ರು.

ಪಾದರಸ_ಮೇಷ್ಟ್ರು

ಸರಿಯಾಗಿದೆ. ನಮ್ಮೂರಲ್ಲಿ ಒಂದು ಹೆಕ್ಟೊಪಾಸ್ಕಲ್ ಅಂದ್ರೆ ಒಂಬತ್ತೂವರೆ ಮೀಟರ್ ಎತ್ತರ. ಮಂಗಳೂರಲ್ಲಿ ಎಂಟೂಮುಕ್ಕಾಲು ಮೀಟರ್ ಹತ್ತಿರ. ಲೇಹ್‌ನಲ್ಲಿ ಹನ್ನೆರಡಕ್ಕೂ ಜಾಸ್ತಿ. ಮೇಲೆ ಹೋದಂತೆ ಅಷ್ಟೇ ಒತ್ತಡ ಇಳಿಸಲು ಇನ್ನೂ ಜಾಸ್ತಿ ಹತ್ತಬೇಕು.

ನೀರಿನಲ್ಲಿ ಹೀಗಾಗಲ್ಲ. ಬಾವಿಯಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದೇ ಸಮನಾಗಿ ಒತ್ತಡ ಏರುತ್ತದೆ, ಯಾಕಂದ್ರೆ ನೀರು ಅದುಮಿದರೂ ಕುಗ್ಗಲ್ಲ. ಗಾಳಿ ಕುಗ್ಗುತ್ತದೆ. ಮದುವೆ ಮನೆಯಲ್ಲಿ ಹತ್ತಿ ಗಾದಿಗಳನ್ನು ಒಂದರ ಮೇಲೊಂದು ಒಟ್ಟಿರುತ್ತಾರಲ್ಲ, ಅಡಿಯ ಗಾದಿ ಚಪ್ಪಟೆ, ಮೇಲಿನದು ಉಬ್ಬಿಕೊಂಡಿರುತ್ತದೆ. ಅಡಿಯಲ್ಲಿ ಒಂದು ಮೊಳ ತೆಗೆದರೆ ಹೋಗುವ ತೂಕ ಜಾಸ್ತಿ, ಮೇಲೆ ಒಂದು ಮೊಳ ತೆಗೆದರೆ ಕಡಿಮೆ. ಕಡಲಿಂದ ಮೊದಲ ಒಂದು ಕಿಲೋಮೀಟರ್ ಹತ್ತಿದರೆ ಸುಮಾರು 114 ಹೆಕ್ಟೊಪಾಸ್ಕಲ್ ಹೋಗುತ್ತದೆ. ಐದನೇ ಕಿಲೋಮೀಟರಿನಿಂದ ಆರನೆಯದಕ್ಕೆ ಹೋದರೆ 68 ಮಾತ್ರ. ಐದೂವರೆ ಕಿಲೋಮೀಟರ್ ಹೊತ್ತಿಗೆ ಒತ್ತಡ ಅರ್ಧ. ಇನ್ನೂ ಅಷ್ಟೇ ಹತ್ತಿದರೆ ಸೊನ್ನೆ ಆಗಲ್ಲ, ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಉಳಿಯುತ್ತದೆ.

ಗಾಳಿಯೂ ನೀರಿನ ಹಾಗೆ ಕುಗ್ಗದೆ, ಮೇಲಿನವರೆಗೂ ಕಡಲತೀರದಷ್ಟೇ ದಟ್ಟವಾಗಿ ಇದ್ದಿದ್ದರೆ ವಾತಾವರಣ 8.4 ಕಿಲೋಮೀಟರಿಗೆ ಮುಗಿದುಹೋಗುತ್ತಿತ್ತು. ಎವರೆಸ್ಟ್ 8,849 ಮೀಟರ್. ತುದಿಯ ನಾನೂರು ಮೀಟರ್ ಹೊರಗೆ ಬರಿದಿನಲ್ಲಿ ಚಾಚಿಕೊಂಡಿರುತ್ತಿತ್ತು!

ಲೆಕ್ಕದಬುಕ್ಕು

ಆನ್‌ಲೈನ್ ಲೆಕ್ಕದಲ್ಲಿ 920 ಮೀಟರ್ ಹಾಕಿದೆ. 907.5 ಬರುತ್ತೆ. ಪೇಟೆಹುಡುಗನ ಫೋನ್ 911, ಅಕ್ಕನ ಫೋನ್ 913ರವರೆಗೂ ಹೋಗುತ್ತೆ. ಹಾಗಾದರೆ ಸೆನ್ಸರ್ ತಪ್ಪೇ ತಾನೇ?

ರನ್‌ವೇ_27

ಆ ಲೆಕ್ಕ ಅಂತರರಾಷ್ಟ್ರೀಯ ಪ್ರಮಾಣ ವಾತಾವರಣದ್ದು. ಅದರಲ್ಲಿ ಸಮುದ್ರ ಮಟ್ಟದಲ್ಲಿ 15 ಡಿಗ್ರಿ, 1013.25 ಹೆಕ್ಟೊಪಾಸ್ಕಲ್, ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ತಣ್ಣಗಾಗುತ್ತೆ ಅಂತ ಇಟ್ಟುಕೊಂಡಿದ್ದಾರೆ. ಮಂಗಳೂರಲ್ಲಿ 15 ಡಿಗ್ರಿ ಯಾರು ನೋಡಿದ್ದಾರೆ? ನಮ್ಮ ಗಾಳಿ ಬೆಚ್ಚಗಿದೆ, ಹಿಗ್ಗಿಕೊಂಡಿದೆ. ಹಿಗ್ಗಿದ ಗಾಳಿಯಲ್ಲಿ ಹತ್ತಿದರೆ ಒತ್ತಡ ನಿಧಾನ ಇಳಿಯುತ್ತೆ. ಹಾಗಾಗಿ ಒಂದೇ ಎತ್ತರದಲ್ಲಿ ನಮಗೆ ನಾಲ್ಕೈದು ಅಂಕಿ ಜಾಸ್ತಿ ಸಿಗುತ್ತೆ.

ಇದು ಸಣ್ಣ ವಿಷಯ ಅಲ್ಲ. 1981ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಸಂಶೋಧನಾ ತಂಡ ಎವರೆಸ್ಟ್ ಹತ್ತಿತ್ತು. ಅದರಲ್ಲಿದ್ದ ಕ್ರಿಸ್ಟೋಫರ್ ಪಿಝೋ ಅನ್ನುವ ವೈದ್ಯ ತುದಿಯಲ್ಲಿ ಬ್ಯಾರೋಮೀಟರ್ ನೋಡಿದಾಗ 253 ಮಿಲಿಮೀಟರ್ ಪಾದರಸ ಇತ್ತು. ಪ್ರಮಾಣ ಲೆಕ್ಕದ ಪ್ರಕಾರ 236 ಇರಬೇಕಿತ್ತು. ಆ 17 ಮಿಲಿಮೀಟರ್ ಇಲ್ಲದಿದ್ದರೆ ಸಿಲಿಂಡರ್ ಇಲ್ಲದೆ ಎವರೆಸ್ಟ್ ಹತ್ತೋದು ಮನುಷ್ಯರಿಗೆ ಇನ್ನೂ ಎಷ್ಟೋ ಕಷ್ಟವಾಗುತ್ತಿತ್ತು. ಎವರೆಸ್ಟ್ ಇರೋದು 28 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಹತ್ತಿರ ಹತ್ತಿರ ದೆಹಲಿಯ ನೇರಕ್ಕೆ. ಅದೇ ಎತ್ತರದ ಬೆಟ್ಟ ಅಲಾಸ್ಕಾದಲ್ಲಿ ಇದ್ದಿದ್ದರೆ ತುದಿಯಲ್ಲಿ ಒತ್ತಡ ಇನ್ನೂ ಕಡಿಮೆ ಇರುತ್ತಿತ್ತು.

ಡಬಲ್‌ಸೈಲೆನ್ಸರ್

ಲಡಾಖ್ ವಿಷಯ ಬಂತಲ್ಲ, ಕೇಳೇಬಿಡ್ತೀನಿ. ನನ್ನ ಹಳೇ ಕಾರ್ಬ್ಯುರೇಟರ್ ಬೈಕು ಖರ್ದುಂಗ್ ಲಾದಲ್ಲಿ ಎರಡನೇ ಗೇರಿನಲ್ಲೂ ಏದುಸಿರು ಬಿಡ್ತಿತ್ತು. ಕಪ್ಪು ಹೊಗೆ ಬೇರೆ. ಜೊತೆಗಿದ್ದವನ ಹೊಸ ಬೈಕು ಆರಾಮಾಗಿ ಹೋಯಿತು. ಮೇಲೆ ಆಕ್ಸಿಜನ್ ಇಲ್ಲ ಅಂತ ಗೊತ್ತು, ಆದರೆ ಇಬ್ಬರಿಗೂ ಇಲ್ಲ ಅಲ್ವಾ?

ರನ್‌ವೇ_27

ಆಕ್ಸಿಜನ್ ಪಾಲು ಅಲ್ಲೂ ಶೇಕಡ 21ರ ಹತ್ತಿರವೇ. ಲಾಲ್‌ಬಾಗ್‌ನಲ್ಲೂ ಅಷ್ಟೇ, ಎವರೆಸ್ಟ್‌ನಲ್ಲೂ ಅಷ್ಟೇ. ಕಡಿಮೆಯಾಗೋದು ಒಟ್ಟು ಗಾಳಿ. ಖರ್ದುಂಗ್ ಲಾದ ಹಳೇ ಬೋರ್ಡು 18,380 ಅಡಿ ಅನ್ನುತ್ತಿತ್ತು. ಜಿಪಿಎಸ್ ಹಿಡಿದು ಅಳೆದವರಿಗೆ ಸಿಕ್ಕಿದ್ದು ಸುಮಾರು 5,359 ಮೀಟರ್, ಅಂದರೆ 17,582 ಅಡಿ. ಏನೇ ಇರಲಿ, ಒತ್ತಡ ಕಡಲತೀರದ ಅರ್ಧದ ಹತ್ತಿರ. ನಿಮ್ಮ ಎಂಜಿನ್ ಒಂದು ಸಲ ಉಸಿರೆಳೆದರೆ ಸಿಗೋದು ಅರ್ಧದ ಹತ್ತಿರದ ಗಾಳಿ. ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗಲ್ಲ. ಪೆಟ್ರೋಲನ್ನು ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತೆ. ಪೂರ್ತಿ ಉರಿಯದ ಪೆಟ್ರೋಲೇ ಆ ಕಪ್ಪು ಹೊಗೆ. ಇಂಜೆಕ್ಷನ್ ಬೈಕಿನ ಸೆನ್ಸರ್ ಒತ್ತಡ ನೋಡಿ ಪೆಟ್ರೋಲ್ ಕಡಿಮೆ ಮಾಡುತ್ತೆ. ಅವನ ಬೈಕಿಗೂ ಶಕ್ತಿ ಇಳಿದಿರುತ್ತೆ, ಆದರೆ ಕೆಮ್ಮಲ್ಲ ಅಷ್ಟೇ.

ಅಡುಗೆಮನೆ_ಅಕ್ಕ

ಲೇಹ್‌ನಲ್ಲಿ ಅನ್ನ ಬೇಯಲ್ಲ ಅಂತಾರೆ, ನಿಜಾನಾ? ಮುಂದಿನ ತಿಂಗಳು ಹೋಗ್ತಿದ್ದೀವಿ. ಅತ್ತೆಯವರು ಚಿಕ್ಕ ಕುಕ್ಕರ್ ತಗೋ ಅಂತ ಹಟ ಹಿಡಿದಿದ್ದಾರೆ.

ಪಾದರಸ_ಮೇಷ್ಟ್ರು

ಅತ್ತೆಯವರ ಮಾತು ಕೇಳಿ. ನೀರು ಬೆಂಗಳೂರಲ್ಲಿ 97 ಡಿಗ್ರಿಗೆ ಕುದಿಯುತ್ತದೆ, ಲೇಹ್‌ನಲ್ಲಿ 89ಕ್ಕೆ. ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗಲ್ಲ. ಅನ್ನ ಹೇಗೋ ತಡವಾಗಿ ಆದೀತು, ತೊಗರಿಬೇಳೆ ಮಾತ್ರ ಸತಾಯಿಸುತ್ತದೆ. ಕುಕ್ಕರಿನ ವೆಯ್ಟು ಹೊರಗಿನ ಒತ್ತಡದ ಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರಿಸುತ್ತದೆ. ಹಾಗಾಗಿ ಒಳಗೆ ಲೇಹ್‌ನಲ್ಲೂ 115 ಡಿಗ್ರಿ ಸಿಗುತ್ತದೆ. ಬೆಂಗಳೂರಲ್ಲಿ 119 ಸಿಗುತ್ತಿತ್ತು. ಒಂದೆರಡು ಸೀಟಿ ಜಾಸ್ತಿ ಕೂಗಿಸಿ.

ಆರ್‌ಸಿಬಿ_ಪ್ರಾಣ

ಇದೆಲ್ಲ ಸರಿ. ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಜಾಸ್ತಿ ಹೋಗೋದು ಎತ್ತರದಿಂದಾನಾ?

ರನ್‌ವೇ_27

ಗಾಳಿ ಚೆನ್ನೈಗಿಂತ ಸುಮಾರು ಹತ್ತನೇ ಒಂದು ಭಾಗ ತೆಳು, ಚೆಂಡಿಗೆ ತಡೆಯೂ ಅಷ್ಟೇ ಕಡಿಮೆ. 80 ಮೀಟರ್ ಹೊಡೆತಕ್ಕೆ ಕೆಲವೇ ಮೀಟರ್ ಲಾಭ. ಉಳಿದಿದ್ದಕ್ಕೆ ಚಿಕ್ಕ ಬೌಂಡರಿ, ಚಪ್ಪಟೆ ಪಿಚ್ಚು, ನಮ್ಮ ಬೌಲಿಂಗು ಇದೆಯಲ್ಲ.

ನಿರ್ವಾಹಕ

ಬೌಲಿಂಗ್ ಬಗ್ಗೆ ಬಂದ ಹದಿನಾರು ಪ್ರತಿಕ್ರಿಯೆಗಳನ್ನು ಕ್ರಿಕೆಟ್ ವಿಭಾಗಕ್ಕೆ ಸಾಗಿಸಿದ್ದೇನೆ. ಇಲ್ಲಿ ಗಾಳಿ ಮಾತ್ರ.

ಸಂಜೆಮಲ್ಲಿಗೆ

ಮಳೆಗಾಲದ ಒದ್ದೆ ಗಾಳಿ ಭಾರ ಅಲ್ವಾ? ಆಗ ಚೆಂಡು, ವಿಮಾನ ಎಲ್ಲ ಬೇರೆ ಥರ ಇರಬೇಕಲ್ಲ?

ಕೊಟ್ಟಿಗೆಹಾರ

ಉಲ್ಟಾ. ಒದ್ದೆ ಗಾಳಿ ಹಗುರ. ನೀರಾವಿಯ ಅಣುಭಾರ 18, ಒಣ ಗಾಳಿಯದು ಸರಾಸರಿ 29. ಅಷ್ಟೇ ಜಾಗದಲ್ಲಿ ಭಾರದವರನ್ನು ಎಬ್ಬಿಸಿ ಹಗುರದವರು ಕೂರುತ್ತಾರೆ. ಆದರೆ ವ್ಯತ್ಯಾಸ ಶೇಕಡ ಒಂದೋ ಒಂದೂವರೆಯೋ. ಮೈಗೆ ಭಾರ ಅನ್ನಿಸೋದು ಬೆವರು ಆರದೆ ಇರೋದರಿಂದ.

ಅಡುಗೆಮನೆ_ಅಕ್ಕ

ಇನ್ನೊಂದು ಪ್ರಶ್ನೆ. ಲೇಹ್‌ಗೆ ಮಧ್ಯಾಹ್ನದ ಫ್ಲೈಟೇ ಸಿಗ್ತಿಲ್ಲ. ಎಲ್ಲ ಬೆಳಿಗ್ಗೆಯೇ. ಮಕ್ಕಳನ್ನು ಮೂರು ಗಂಟೆಗೆ ಎಬ್ಬಿಸಬೇಕು. ಯಾಕೆ ಹೀಗೆ?

ರನ್‌ವೇ_27

ಅಕ್ಕಾ, ಇದು ನನ್ನ ಕೆಲಸಕ್ಕೆ ಹತ್ತಿರದ ವಿಷಯ. ಸ್ವಲ್ಪ ಉದ್ದ ಬರೀತೀನಿ.

ವಿಮಾನದ ರೆಕ್ಕೆಗೆ ಬೇಕಾಗಿರೋದು ಬರೀ ಒತ್ತಡ ಅಲ್ಲ, ಸಾಂದ್ರತೆ. ಅಂದರೆ ಒಂದು ಘನ ಮೀಟರಿನಲ್ಲಿ ಎಷ್ಟು ಕಿಲೋ ಗಾಳಿ ಇದೆ ಅನ್ನೋದು. ಪ್ರಮಾಣ ಲೆಕ್ಕದಲ್ಲಿ ಕಡಲತೀರಕ್ಕೆ 1.225 ಕಿಲೋ. ಒತ್ತಡ ಇಳಿದರೆ ಸಾಂದ್ರತೆ ಇಳಿಯುತ್ತೆ, ಬಿಸಿಲು ಏರಿದರೂ ಇಳಿಯುತ್ತೆ. ಒತ್ತಡ ದಿನವಿಡೀ ಹೆಚ್ಚು ಬದಲಾಗಲ್ಲ, ಬಿಸಿಲು ಬದಲಾಗುತ್ತೆ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣ ಇರೋದು 915 ಮೀಟರ್‌ನಲ್ಲಿ. ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿ ಇದ್ದಾಗ ಸಾಂದ್ರತೆ 1.10. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿಗೆ 1.03. ಆಗ ವಿಮಾನದ ಪಾಲಿಗೆ ಬೆಂಗಳೂರು ಸುಮಾರು 1,800 ಮೀಟರ್ ಎತ್ತರದ ಊರು. ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಅಂತೀವಿ. ಊರು ಅಲ್ಲೇ ಇರುತ್ತೆ, ಗಾಳಿ ಮಾತ್ರ ಬೆಟ್ಟ ಹತ್ತಿರುತ್ತೆ.

ಲೇಹ್ ವಿಮಾನ ನಿಲ್ದಾಣ 3,256 ಮೀಟರ್. ಒತ್ತಡ 680ರ ಆಸುಪಾಸು. ಬೆಳಿಗ್ಗೆ 5 ಡಿಗ್ರಿ ಇದ್ದರೆ ಸಾಂದ್ರತೆ 0.85. ಮಧ್ಯಾಹ್ನ 30 ಮುಟ್ಟಿದರೆ 0.78. ಇಷ್ಟು ತೆಳು ಗಾಳಿಯಲ್ಲಿ ಅದೇ ಎತ್ತುವ ಬಲ ಸಿಗಬೇಕಾದರೆ ಕಡಲತೀರಕ್ಕಿಂತ ಕಾಲು ಭಾಗ ಜಾಸ್ತಿ ವೇಗದಲ್ಲಿ ಓಡಬೇಕು. ಎಂಜಿನ್ನಿನ ತಳ್ಳುವ ಶಕ್ತಿಯೂ ಅದೇ ಗಾಳಿಯಿಂದ ಬರಬೇಕು, ಅದೂ ಇಳಿದಿರುತ್ತೆ. ಜಾಸ್ತಿ ವೇಗ ಬೇಕು, ಶಕ್ತಿ ಕಡಿಮೆ. ರನ್‌ವೇ ಮಾತ್ರ ಇದ್ದಷ್ಟೇ. ಉಳಿದ ದಾರಿ ಒಂದೇ, ತೂಕ ಇಳಿಸೋದು. ಸೀಟು ಖಾಲಿ ಬಿಡ್ತಾರೆ, ಲಗೇಜ್ ಬಿಡ್ತಾರೆ. ಅದೂ ಸಾಲದಿದ್ದರೆ ಹಾರೋದೇ ಇಲ್ಲ. 2024ರ ಜುಲೈ ಕೊನೆಯಲ್ಲಿ ಲೇಹ್‌ನಲ್ಲಿ ಬಿಸಿಲು ವಿಪರೀತ ಏರಿ ಕೆಲವು ವಿಮಾನಗಳು ರದ್ದಾದವು. ಹಿಮದ ನಾಡಲ್ಲಿ ಸೆಖೆಗೆ ವಿಮಾನ ರದ್ದು! ಇದರ ಜೊತೆ ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಜೋರಾಗುತ್ತೆ. ಹಾಗಾಗಿ ಬೆಳಿಗ್ಗೆಯೇ ಎಲ್ಲ ಮುಗಿಸೋದು.

ಒಂದು ತಮಾಷೆ ಹೇಳ್ತೀನಿ. ಪೈಲಟ್ ಮುಂದಿನ ವೇಗದ ಮುಳ್ಳು ಲೇಹ್‌ನಲ್ಲೂ ಕೊಚ್ಚಿಯಲ್ಲೂ ಟೇಕಾಫ್‌ಗೆ ಹತ್ತಿರ ಹತ್ತಿರ ಒಂದೇ ಅಂಕಿ ತೋರಿಸುತ್ತೆ. ಯಾಕಂದ್ರೆ ಅದು ಅಳೆಯೋದು ಮೂತಿಗೆ ಬಡಿಯುವ ಗಾಳಿಯ ಒತ್ತಡ, ರೆಕ್ಕೆಗೆ ಬೇಕಾಗಿರೋದೂ ಅದೇ. ಕಿಟಕಿಯ ಹೊರಗೆ ನೆಲ ಮಾತ್ರ ಲೇಹ್‌ನಲ್ಲಿ ಎಷ್ಟೋ ಜೋರಾಗಿ ಓಡುತ್ತಿರುತ್ತೆ. ವಾಪಸ್ ಬರುವಾಗ ಕಿಟಕಿ ಸೀಟು ತಗೊಂಡು ನೋಡಿ.

ಪೇಟೆಹುಡುಗ

ವಿಮಾನದ ಒಳಗೆ ಫೋನ್ ಎಷ್ಟು ತೋರಿಸುತ್ತೆ?

ರನ್‌ವೇ_27

750ರಿಂದ 810ರ ನಡುವೆ. ಹೊರಗೆ 35,000 ಅಡಿಯಲ್ಲಿ 240ರ ಹತ್ತಿರ ಇದ್ದರೂ ಒಳಗೆ ಗಾಳಿ ತುಂಬಿ 6,000ದಿಂದ 8,000 ಅಡಿ ಎತ್ತರದ ಊರಿನಷ್ಟು ಇಡ್ತಾರೆ. ಮುಳ್ಳಯ್ಯನಗಿರಿ ತುದಿಯಲ್ಲಿ ಕೂತ ಹಾಗೆ ಅಂದ್ಕೊಳ್ಳಿ. ಲೇಹ್‌ನಲ್ಲಿ ಇಳಿಯುವಾಗ ಕ್ಯಾಬಿನ್ ಒತ್ತಡ ಏರಲ್ಲ, ಇನ್ನೂ ಇಳಿಯುತ್ತೆ.

ಡಬಲ್‌ಸೈಲೆನ್ಸರ್

ಕೊನೇ ಪ್ರಶ್ನೆ. ಈ ಸಲ ಕಾರಲ್ಲಿ ಹೋಗ್ತಿದ್ದೀವಿ. ಬೆಂಗಳೂರಲ್ಲಿ ಟೈರಿಗೆ 32 ತುಂಬಿಸಿದರೆ ಲೇಹ್‌ನಲ್ಲಿ ಗಾಳಿ ಬಿಡಬೇಕಾ? ವಾಟ್ಸ್‌ಆ್ಯಪ್ ಗ್ರೂಪಲ್ಲಿ ಒಬ್ಬರು ಟೈರ್ ಸಿಡಿಯುತ್ತೆ ಅಂತ ಹೆದರಿಸ್ತಿದ್ದಾರೆ.

ಪಾದರಸ_ಮೇಷ್ಟ್ರು

ಗೇಜ್ ತೋರಿಸೋದು ಒಳಗಿನ ಒತ್ತಡದಲ್ಲಿ ಹೊರಗಿನದನ್ನು ಕಳೆದು ಉಳಿದದ್ದು. ಬೆಂಗಳೂರಲ್ಲಿ ಹೊರಗೆ 13.2 ಪಿಎಸ್‌ಐ. 32 ಸೇರಿಸಿದರೆ ಒಳಗೆ 45.2. ಲೇಹ್‌ನಲ್ಲಿ ಹೊರಗೆ 9.9ಕ್ಕೆ ಇಳಿಯುತ್ತದೆ, ಹಾಗಾಗಿ ಗೇಜು 35 ದಾಟಬೇಕು. ಆದರೆ ನೀವು ತುಂಬಿಸಿದ್ದು 25 ಡಿಗ್ರಿಯಲ್ಲಿ. ಲೇಹ್‌ನ ಬೆಳಿಗ್ಗೆ 5 ಡಿಗ್ರಿ ಇದ್ದರೆ ಒಳಗಿನ ಗಾಳಿ ಕುಗ್ಗಿ 42ರ ಆಸುಪಾಸಿಗೆ ಬರುತ್ತದೆ. 9.9 ಕಳೆಯಿರಿ. ಮತ್ತೆ 32ಕ್ಕೇ ಬಂದಿರಿ. ಖರ್ದುಂಗ್ ಲಾದಲ್ಲಿ ಅದೇ ಚಳಿಯಿದ್ದರೆ 34, 35. ಸಿಡಿಯಲ್ಲ.

ಗಾಳಿ ಬಿಡೋದೇ ಆದರೆ ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ನೋಡಿ. ಘಾಟಿ ಹತ್ತಿ ಬಿಸಿಯಾದ ಟೈರಿಗೆ ಗೇಜ್ ಇಟ್ಟು ಬಿಟ್ಟುಬಿಟ್ಟರೆ, ಮನಾಲಿ ಕಡೆ ಇಳಿಯುವಾಗ ಹೊರಗಿನ ಒತ್ತಡ ಏರಿ ಟೈರು ಬಡಕಲಾಗುತ್ತದೆ. ಆಗ ಪಂಪ್ ಹುಡುಕಿಕೊಂಡು ಹೋಗಬೇಕು.

ಡಬಲ್‌ಸೈಲೆನ್ಸರ್

ಗ್ರೂಪಿಗೆ ಇದನ್ನೇ ಅಂಟಿಸಿದೆ ಮೇಷ್ಟ್ರೇ. ಈಗ ಅವರು ನೈಟ್ರೋಜನ್ ತುಂಬಿಸಿ ಅಂತಿದ್ದಾರೆ.

ಪಾದರಸ_ಮೇಷ್ಟ್ರು

ಈಗಾಗಲೇ ಶೇಕಡ 78 ತುಂಬಿಸಿದ್ದೀವಿ ಅನ್ನಿ.